ಐದು ಗಂಟೆಯ ಬಸ್ಸು ಮತ್ತು ಕಾಲೇಜಿನ ನೆನಪುಗಳು

ಹಳೆಯ ಕಾಲೇಜುಗಳು ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ಅಮೃತ ಮಹೋತ್ಸವ ಎಂದು ಆಚರಿಸುವಾಗ ಒಂದು ಸ್ಮರಣ ಸಂಚಿಕೆ ತರುವುದು ನಮ್ಮ ಕಡೆಯ ರೂಢಿ. ದಪ್ಪ ರಟ್ಟು, ಮೇಲೆ ಕಟ್ಟಡದ ಚಿತ್ರ, ಒಳಗೆ ಮಂತ್ರಿಗಳ ಮತ್ತು ಸ್ವಾಮೀಜಿಗಳ ಶುಭ ಸಂದೇಶ, ನಡುನಡುವೆ ಬ್ಯಾಂಕಿನವರ, ಬೀಜ-ಗೊಬ್ಬರದ ಅಂಗಡಿಯವರ ಜಾಹೀರಾತು. ಬಹಳ ಮನೆಗಳಲ್ಲಿ ಇದು ಓದಿಸಿಕೊಳ್ಳದೆಯೇ ಕಪಾಟು ಸೇರುತ್ತದೆ. ನಾನು ಮಾತ್ರ ಇಂಥ ಸಂಚಿಕೆಗಳನ್ನು ಕಾದಂಬರಿಯ ಹಾಗೆ ಓದುವವಳು. ಗೆಳತಿಯರ ಮನೆಗೆ ಹೋದರೂ ಕಣ್ಣು ಕಪಾಟಿನ ಕೆಳಗಿನ ಸಾಲಿಗೇ ಹೋಗುತ್ತದೆ. ಹೀಗೆ ಓದಿದ ಎಷ್ಟೋ ಸಂಚಿಕೆಗಳ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನದಿಂದ ಅನ್ನಿಸುತ್ತಿತ್ತು. ಯಾವ ಊರಿನದು, ಯಾವ ಕಾಲೇಜಿನದು ಎಂದು ಹೆಸರು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ. ರಟ್ಟು ಬದಲಾದರೂ ಒಳಗಿನ ಮಾತು ಹೆಚ್ಚು ಬದಲಾಗುವುದಿಲ್ಲ.

ಈ ಸಂಚಿಕೆಗಳ ನೆನಪಿನ ಲೇಖನಗಳಲ್ಲಿ ಮೂರು ಬಗೆ. ಮೊದಲನೆಯದು ಗುರುಗಳ ಸ್ಮರಣೆ. ಧೋತರ, ಕೋಟು, ಟೊಪ್ಪಿಗೆಯ ಪ್ರಾಧ್ಯಾಪಕರು, ಅವರ ಶಿಸ್ತು, ಪುಸ್ತಕವಿಲ್ಲದೆ ಪಾಠ ಹೇಳುವ ಜಾಣ್ಮೆ. ಎರಡನೆಯದು ಹುಡುಗಾಟಿಕೆಯ ಕಥೆ. ಹಾಸ್ಟೆಲಿನ ಗೋಡೆ ಹಾರಿ ಎರಡನೆಯ ಆಟದ ಸಿನಿಮಾಕ್ಕೆ ಹೋದದ್ದು, ಮೆಸ್ಸಿನ ಸಾರಿನ ಮೇಲಿನ ಜಗಳ, ಚುನಾವಣೆಯ ಗದ್ದಲ. ಮೂರನೆಯದು ಕಷ್ಟದಿಂದ ಮೇಲೆ ಬಂದವರ ಕಥೆ. ಒಂದೇ ಅಂಗಿಯಲ್ಲಿ ವರ್ಷ ಕಳೆದವರು, ಬೀದಿ ದೀಪದ ಕೆಳಗೆ ಓದಿದವರು, ಈಗ ದೊಡ್ಡ ಹುದ್ದೆಯಲ್ಲಿರುವವರು. ಮೂರೂ ಬಗೆಯಲ್ಲಿ ಒಳ್ಳೆಯ ಬರಹಗಳಿವೆ. ವೃತ್ತಿಯಿಂದ ಲೇಖಕರಲ್ಲದವರು, ಎಂಜಿನಿಯರು, ವಕೀಲರು, ದ್ರಾಕ್ಷಿ ಬೆಳೆಗಾರರು ಬರೆದ ಕೆಲವು ಪುಟಗಳನ್ನು ಓದುವಾಗ ನನಗೆ ಕಣ್ಣೀರು ಬಂದದ್ದುಂಟು. ಆದ್ದರಿಂದ ಇವನ್ನು ಹಗುರ ಮಾಡುವ ಉದ್ದೇಶ ನನಗಿಲ್ಲ. ನನ್ನ ತಕರಾರು ಬೇರೆ.

ಒಮ್ಮೆ ಒಂದು ಕೆಲಸ ಮಾಡಿ ನೋಡಿದೆ. ಪ್ರತಿ ನೆನಪಿನ ಪಕ್ಕದಲ್ಲಿ ಪೆನ್ಸಿಲಿನಿಂದ ಅದು ನಡೆದ ಹೊತ್ತನ್ನು ಗುರುತು ಹಾಕುತ್ತ ಹೋದೆ. ಸಂಜೆಯ ಚರ್ಚಾಕೂಟ, ಸಂಜೆಯ ನಾಟಕದ ತಾಲೀಮು, ಸೂರ್ಯ ಮುಳುಗುವಾಗ ಕೋಟೆಯ ಗೋಡೆಯ ಮೇಲಿನ ಹರಟೆ, ರಾತ್ರಿಯ ಗ್ರಂಥಾಲಯ, ರಾತ್ರಿಯ ಚಹಾ, ಮಧ್ಯರಾತ್ರಿಯ ಓದು. ಹತ್ತರಲ್ಲಿ ಏಳೆಂಟು ನೆನಪು ಸಂಜೆ ಐದರ ಮೇಲಿನವು! ತರಗತಿಯ ಒಳಗಿನದು ಬಹಳ ಕಡಿಮೆ. ಅಂದರೆ ನಾವು 'ವಿದ್ಯಾರ್ಥಿ ಜೀವನ' ಎಂದು ಕರೆಯುವುದು ಗಂಟೆ ಬಾರಿಸಿದ ಮೇಲೆ ಶುರುವಾಗುವ ಜೀವನ. ಅದು ಊರಿನಲ್ಲಿ ಉಳಿಯುವವರ ಜೀವನ. ಸಂಜೆ ಐದು ಗಂಟೆಗೆ ಬಸ್ಸು ಹತ್ತಿ ಹೋಗುವವರಿಗೆ ಅದರಲ್ಲಿ ಪಾಲಿಲ್ಲ.

ವಿಜಯಪುರ ಓದಿನ ಊರಾದದ್ದು ಸುಮ್ಮನೆ ಅಲ್ಲ. 1910ರಲ್ಲಿ ಫ. ಗು. ಹಳಕಟ್ಟಿಯವರು ಬಿ.ಎಲ್.ಡಿ.ಇ. ಸಂಸ್ಥೆಯನ್ನು ಕಟ್ಟಿದರು. 1945ರಲ್ಲಿ ಇಲ್ಲಿ ವಿಜಯ ಕಾಲೇಜು ಶುರುವಾಯಿತು. ಆಗ ನಾವು ಮುಂಬಯಿ ಪ್ರಾಂತದಲ್ಲಿದ್ದೆವು. ಅದಕ್ಕೆ ಮೊದಲು ಈ ಭಾಗದವರು ಪದವಿ ಓದಬೇಕೆಂದರೆ ಧಾರವಾಡದ ಕರ್ನಾಟಕ ಕಾಲೇಜಿಗೋ ಸಾಂಗಲಿಯ ವಿಲಿಂಗ್ಡನ್ ಕಾಲೇಜಿಗೋ ಹೋಗಬೇಕು. ಗಂಡುಮಕ್ಕಳಿಗೇ ಅದು ದೂರದ ಮಾತು, ಹೆಣ್ಣುಮಕ್ಕಳಿಗೆ ಕನಸು. ಊರಲ್ಲೇ ಕಾಲೇಜು ಬಂದದ್ದರಿಂದ ಏನಾಯಿತು? ತಿಕೋಟಾ, ಬಬಲೇಶ್ವರದಂಥ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರ್ ದೂರದ ಊರುಗಳಿಂದ ಹೆಣ್ಣುಮಗಳೊಬ್ಬಳು ಬೆಳಿಗ್ಗೆ ಹೋಗಿ, ಕತ್ತಲಾಗುವುದರೊಳಗೆ ಮನೆ ಸೇರುವುದು ಸಾಧ್ಯವಾಯಿತು. ನನ್ನ ದೃಷ್ಟಿಯಲ್ಲಿ ಸಣ್ಣ ಊರಿನ ಕಾಲೇಜಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇಲ್ಲ. ಅದೇ ಸಂಗತಿ ಸ್ಮರಣ ಸಂಚಿಕೆಗಳಲ್ಲಿ ಇಲ್ಲ.

ನಾನು ಬಬಲೇಶ್ವರದ ಬಸ್ಸಿನವಳು. ಎಂಬತ್ತರ ದಶಕದ ಕೊನೆಗೆ ಬಿ.ಎ. ಓದಿದವಳು. ನಮ್ಮ ಪರೀಕ್ಷೆ ಆಗ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ್ದು. ಜಮಖಂಡಿ ರಸ್ತೆಯ ಬಸ್ಸಿನಲ್ಲಿ ನಾವು, ಅಥಣಿ ರಸ್ತೆಯ ಬಸ್ಸಿನಲ್ಲಿ ತಿಕೋಟಾದವರು. ನಮ್ಮ ಕಾಲೇಜಿನ ದಿನ ಶುರುವಾಗುತ್ತಿದ್ದದ್ದು ಬೆಳಗಿನ ಐದಕ್ಕೆ, ಒಲೆಯ ಮುಂದೆ. ನೀರು ತಂದು, ರೊಟ್ಟಿ ಬಡಿದು, ತಮ್ಮಂದಿರ ಬುತ್ತಿ ಕಟ್ಟಿ ಆಮೇಲೆ ನಮ್ಮದು. ಬಸ್ಸಿನಲ್ಲಿ ನಿಂತು ಓದುವುದನ್ನು ನಾವು ಕಲಿತಿದ್ದೆವು. ಕಂಬಿ ಹಿಡಿದ ಕೈಯಲ್ಲೇ ನೋಟ್‌ಬುಕ್ಕು; ತಗ್ಗು ಬಂದಾಗ ಒಂದು ಸಾಲು ತಪ್ಪುವುದು, ಮತ್ತೆ ಹುಡುಕುವುದು. ಷೇಕ್ಸ್‌ಪಿಯರನ ನಾಟಕವೊಂದನ್ನು ನಾನು ಪೂರ್ತಿ ಓದಿದ್ದು ಈ ರಸ್ತೆಯ ಮೇಲೆಯೇ. ಮಧ್ಯಾಹ್ನ ಮಹಿಳಾ ಕೊಠಡಿಯಲ್ಲಿ ಬುತ್ತಿ ಬಿಚ್ಚಿದರೆ ಯಾರದು ಶೇಂಗಾದ ಹಿಂಡಿ, ಯಾರದು ಬರೀ ಖಾರ ಎಂಬುದು ಎಲ್ಲರಿಗೂ ತಿಳಿಯುತ್ತಿತ್ತು. ಯಾವ ವರ್ಷ ಯಾರ ಹೊಲದಲ್ಲಿ ಜೋಳ ಬರಲಿಲ್ಲ ಎಂಬುದೂ ತಿಳಿಯುತ್ತಿತ್ತು. ನಾಲ್ಕೂವರೆಗೆ ಚರ್ಚಾಸ್ಪರ್ಧೆ ಎಂದು ಫಲಕದ ಮೇಲೆ ಬರೆದರೆ ನಮಗೆ ಅದು ಬೇರೆ ಊರಿನ ಸುದ್ದಿ. ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ಹೊತ್ತು ಮತ್ತು ಬಸ್ಸು ಬಿಡುವ ಹೊತ್ತು ಒಂದೇ ಆಗಿರುತ್ತಿತ್ತು; ನಾವು ಬಸ್ಸನ್ನೇ ಆರಿಸುತ್ತಿದ್ದೆವು. ಒಂದು ದಿನ ತಪ್ಪಿದರೆ ಮರುದಿನ ಕಾಲೇಜೇ ತಪ್ಪಬಹುದು ಎಂಬುದು ನಮಗೆಲ್ಲ ಗೊತ್ತಿತ್ತು.

ಇದೂ ವಿದ್ಯಾರ್ಥಿ ಜೀವನವೇ ಅಲ್ಲವೇ?

ಸಂಚಿಕೆಗಳ ಲೇಖಕರನ್ನು ಬಿಟ್ಟು ದೊಡ್ಡ ಲೇಖಕರ ಕಡೆ ಬಂದರೂ ಚಿತ್ರ ಹೆಚ್ಚು ಬದಲಾಗುವುದಿಲ್ಲ. ಕುವೆಂಪು ಅವರ 'ನೆನಪಿನ ದೋಣಿಯಲ್ಲಿ' 1980ರಲ್ಲಿ ಬಂತು. ಮೈಸೂರಿನ ಮಹಾರಾಜ ಕಾಲೇಜಿನ ದಿನಗಳು, ಆಶ್ರಮದ ವಾಸ, ಸಂಜೆಯ ತಿರುಗಾಟ ಅದರಲ್ಲಿ ತುಂಬಿವೆ. ಕವಿಯೊಬ್ಬ ಹೇಗೆ ರೂಪುಗೊಂಡ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಪುಸ್ತಕ ಕನ್ನಡದಲ್ಲಿ ಕಡಿಮೆ. ಆದರೆ ಅದನ್ನು ಓದುವಾಗ ನನಗೆ ಒಂದು ಪ್ರಶ್ನೆ ಏಳುತ್ತದೆ: ಒಬ್ಬರೇ ಕೆರೆಯ ದಂಡೆಗೆ ಹೋಗಿ ಕತ್ತಲಾಗುವವರೆಗೆ ಕೂಡುವ ಸ್ವಾತಂತ್ರ್ಯವಿಲ್ಲದಿದ್ದರೆ ಆ ಪುಸ್ತಕದ ಎಷ್ಟು ಪುಟ ಉಳಿಯುತ್ತಿದ್ದವು? ಇದು ಕವಿಯ ತಪ್ಪಲ್ಲ. ಆದರೆ ಏಕಾಂತವೂ ಒಂದು ಆಸ್ತಿ, ಅದು ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ ಎಂಬುದು ಓದುಗರಿಗೆ ನೆನಪಿರಬೇಕು.

ಎಸ್. ಎಲ್. ಭೈರಪ್ಪನವರ 'ಭಿತ್ತಿ' (1996) ಹಸಿವಿನ ಪುಸ್ತಕ. ಹುಡುಗ ಊರು ಬಿಟ್ಟು ಮುಂಬಯಿಗೆ ಹೋಗುತ್ತಾನೆ, ಅಲ್ಲಿ ಕೂಲಿ ಮಾಡುತ್ತಾನೆ, ತಿರುಗಿ ಬಂದು ಮತ್ತೆ ಓದಿಗೆ ಕೂಡುತ್ತಾನೆ. ಆ ಛಲಕ್ಕೆ ಯಾರಾದರೂ ತಲೆಬಾಗಬೇಕು. ಆದರೆ ಹೆಣ್ಣು ಓದುಗರಾಗಿ ನಾವು ಅಲ್ಲಿ ಒಂದು ಕ್ಷಣ ನಿಲ್ಲಬೇಕು. ಹಾಗೆ ಮನೆ ಬಿಟ್ಟು ಹೋಗಿ, ತಿಂಗಳುಗಟ್ಟಲೆ ಅಲೆದು ತಿರುಗಿ ಬಂದ ಹುಡುಗಿಯನ್ನು ಯಾವ ಮನೆ ಒಳಗೆ ಕರೆದುಕೊಂಡಿತು, ಯಾವ ಶಾಲೆ ಹಾಜರಿಯಲ್ಲಿ ಹೆಸರು ಬರೆದುಕೊಂಡಿತು? ಹುಡುಗನ ಬಡತನಕ್ಕೆ ರಸ್ತೆ ಇತ್ತು. ಹುಡುಗಿಯ ಬಡತನಕ್ಕೆ ಬಾಗಿಲು ಮಾತ್ರ ಇತ್ತು, ಅದೂ ಮುಚ್ಚಿದ್ದು.

ಈ ಸಾಲಿನಲ್ಲಿ ನಮ್ಮ ಜಿಲ್ಲೆಯದೇ ಆದ ಪುಸ್ತಕವೊಂದಿದೆ. ಮುದ್ದೇಬಿಹಾಳದ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ', 1994ರದ್ದು. ಸರ್ಕಾರದ ಸವಲತ್ತು ಪಡೆದು ಓದುವ ದಲಿತರನ್ನು ಕುಟುಕುವ ಮಾತನ್ನೇ ಅವರು ಪುಸ್ತಕದ ಹೆಸರು ಮಾಡಿಕೊಂಡರು. ಶಾಲೆ ಎಂಬುದು ಎಲ್ಲರಿಗೂ ಒಂದೇ ಕಟ್ಟಡವಲ್ಲ, ಒಳಗೆ ಯಾರು ಎಲ್ಲಿ ಕೂಡಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆ ಎಂದು ಆ ಪುಸ್ತಕ ಮುಲಾಜಿಲ್ಲದೆ ಹೇಳುತ್ತದೆ. ಸ್ಮರಣ ಸಂಚಿಕೆಗಳ ಸಿಹಿ ಮಾತಿಗೆ ಅದು ಸರಿಯಾದ ಉತ್ತರ. ಕಷ್ಟವನ್ನು ಮುಂದಿನ ಯಶಸ್ಸಿನ ಮೆಟ್ಟಿಲು ಮಾಡದೆ, ಕಷ್ಟವನ್ನು ಕಷ್ಟವೆಂದೇ ಬರೆಯಬಹುದು ಎಂದು ನನಗೆ ತೋರಿಸಿಕೊಟ್ಟ ಪುಸ್ತಕ ಅದು. ಬಸ್ಸಿನ ಹುಡುಗಿಯರ ಪುಸ್ತಕ ಯಾರಾದರೂ ಬರೆದರೆ ಅದು ಇದರ ಪಕ್ಕದಲ್ಲಿ ಕೂಡಬೇಕು.

ಇನ್ನು ಸಿನಿಮಾ. 'ನಾಗರಹಾವು' ನೋಡದವರು ನಮ್ಮ ವಯಸ್ಸಿನವರಲ್ಲಿ ಯಾರಿದ್ದಾರೆ? ತ. ರಾ. ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲರು 1972ರಲ್ಲಿ ತೆಗೆದ ಚಿತ್ರ. ಚಿತ್ರದುರ್ಗದಂಥ ಕೋಟೆಯ ಊರು, ಒಂದು ಕಾಲೇಜು, ಒಬ್ಬ ರಾಮಾಚಾರಿ. ಅವನ ಸಿಟ್ಟಿಗೆ ಇಡೀ ಕೋಟೆಯ ಬಂಡೆಗಳು ಬಯಲಾಗಿ ಸಿಗುತ್ತವೆ. ಅವನ ತಪ್ಪಿಗೆ ಮರುಗುವ ಮೇಷ್ಟ್ರು ಇದ್ದಾರೆ. ಅಲಮೇಲುವಿಗೆ ಏನು ಸಿಕ್ಕಿತು? ಮಾರ್ಗರೇಟಿಗೆ ಏನು ಸಿಕ್ಕಿತು? ಒಬ್ಬಳ ಬದುಕು ಬೀದಿಗೆ ಬಂತು, ಒಬ್ಬಳು ಅವನೊಡನೆ ಸತ್ತಳು. ಚಿತ್ರ ಚೆನ್ನಾಗಿದೆ, ಇಂದಿಗೂ ಟಿವಿಯಲ್ಲಿ ಬಂದರೆ ಕೆಲಸ ಬಿಟ್ಟು ನೋಡುತ್ತೇನೆ. ಆದರೆ ಆ ಕಾಲದಲ್ಲಿ ನಮ್ಮ ತಂದೆ-ತಾಯಿಗಳು ಅದನ್ನು ನೋಡಿ ಮನೆಗೆ ಬಂದು ಏನು ತೀರ್ಮಾನ ಮಾಡಿರಬಹುದು ಎಂದು ಯೋಚಿಸುತ್ತೇನೆ. ಕಥೆಗಳಲ್ಲಿ ಕಾಲೇಜಿನ ಹುಡುಗಿ ಎಂದರೆ ಪ್ರೇಮಿಸುವವಳು, ಆಮೇಲೆ ದಂಡ ತೆರುವವಳು. ಬೆಳಿಗ್ಗೆ ರೊಟ್ಟಿ ಬಡಿದು ಬಂದು ಇತಿಹಾಸದ ನೋಟ್ಸು ಬರೆದುಕೊಂಡು ಸಂಜೆ ಮನೆಗೆ ಹೋಗುವ ಹುಡುಗಿಗೆ ಅಲ್ಲಿ ಜಾಗವಿಲ್ಲ. ಆದರೆ ಹೆಚ್ಚಿನವರು ಅಂಥವರೇ ಆಗಿದ್ದರು.

ಸಂಚಿಕೆಗಳಲ್ಲಿ ಹೆಣ್ಣುಮಕ್ಕಳು ಬರೆದೇ ಇಲ್ಲವೆಂದು ನಾನು ಹೇಳುವುದಿಲ್ಲ. ನೂರು ಪುಟಕ್ಕೆ ಮೂರೋ ನಾಲ್ಕೋ ಪುಟ ಇರುತ್ತವೆ. ಕನ್ನಡ ಪಾಠ ಹೇಳುವ ನನಗೆ ಅವುಗಳ ವ್ಯಾಕರಣ ಕಣ್ಣಿಗೆ ಬೀಳುತ್ತದೆ. ಗಂಡಸರು ಬರೆಯುತ್ತಾರೆ: ಓದಿದೆ, ಅಲೆದೆ, ಜಗಳಾಡಿದೆ, ಸೋತೆ, ಗೆದ್ದೆ. ಹೆಂಗಸರು ಬರೆಯುತ್ತಾರೆ: ತಂದೆ ಓದಿಸಿದರು, ಅಣ್ಣ ಸೇರಿಸಿದ, ಗುರುಗಳು ಹಾಡಿಸಿದರು, ಯಜಮಾನರು ಮುಂದುವರಿಸಲು ಬಿಟ್ಟರು. ಪ್ರೇರಣಾರ್ಥಕ ಕ್ರಿಯಾಪದಗಳನ್ನು ಮಕ್ಕಳಿಗೆ ಕಲಿಸಲು ಈ ಲೇಖನಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ! ಕೃತಜ್ಞತೆ ಸುಳ್ಳಲ್ಲ. ನಮ್ಮ ಅಪ್ಪ ನನ್ನನ್ನು ಓದಿಸಿದ್ದು ನಿಜ, ಅದಕ್ಕಾಗಿ ಊರವರ ಮಾತು ಕೇಳಿದ್ದೂ ನಿಜ. ಆದರೆ ಬಸ್ಸಿನ ಕಂಬಿ ಹಿಡಿದು ನಿಂತವರು ಅಪ್ಪ ಅಲ್ಲ. ಓದಿದವಳು ನಾನು. 'ನಾನು ಓದಿದೆ' ಎಂದು ಬರೆಯುವುದಕ್ಕೆ ನಮ್ಮ ಕೈ ಯಾಕೆ ತಡೆಯುತ್ತದೆ?

ಇದೇ ವ್ಯಾಕರಣದ ಇನ್ನೊಂದು ಪದ 'ಬಿಡಿಸಿದರು'. ಹುಡುಗ ಕಾಲೇಜು ಬಿಟ್ಟ. ಹುಡುಗಿಯನ್ನು ಕಾಲೇಜು ಬಿಡಿಸಿದರು. ನಮ್ಮ ಬಸ್ಸಿನಲ್ಲಿ ಮೊದಲ ವರ್ಷ ಇದ್ದ ಹುಡುಗಿಯರಲ್ಲಿ ಎಷ್ಟೋ ಜನ ಕೊನೆಯ ವರ್ಷದ ಬಸ್ಸಿನಲ್ಲಿ ಇರಲಿಲ್ಲ. ದೀಪಾವಳಿಯ ರಜೆ ಮುಗಿಸಿ ಬಂದರೆ ಒಬ್ಬಳ ಜಾಗ ಖಾಲಿ, ಯುಗಾದಿ ಕಳೆದರೆ ಇನ್ನೊಬ್ಬಳ ಜಾಗ ಖಾಲಿ. ಸ್ಮರಣ ಸಂಚಿಕೆ ಸಾಧಕರ ಪುಸ್ತಕ. ಪದವಿ ಪಡೆಯದವರು ಸಾಧಕರ ಪಟ್ಟಿಯಲ್ಲಿ ಬರುವುದಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಘ ಅವರಿಗೆ ಪತ್ರ ಬರೆಯುವುದಿಲ್ಲ.

ಸಂಚಿಕೆಗಳಲ್ಲಿ ಒಂದು ನೆನಪು ಮೇಲಿಂದ ಮೇಲೆ ಬರುತ್ತದೆ. ಊರಿನಿಂದ ಬೆಳಗಿನ ಬಸ್ಸಿಗೆ ಹಾಕಿ ಕಳಿಸುತ್ತಿದ್ದ ರೊಟ್ಟಿಯ ಬುತ್ತಿ. ರೂಮು ಮಾಡಿಕೊಂಡ ಹುಡುಗರು ಬಸ್‌ಸ್ಟ್ಯಾಂಡಿಗೆ ಹೋಗಿ ತಮ್ಮ ಗಂಟು ಬಿಡಿಸಿಕೊಂಡು ಬರುತ್ತಿದ್ದರು. ಅವ್ವನ ಕೈರುಚಿ ಎಂದು ಅದರ ಬಗ್ಗೆ ಬಹಳ ಪ್ರೀತಿಯಿಂದ ಬರೆಯುತ್ತಾರೆ. ಓದಲು ಹಿತವಾಗಿರುತ್ತದೆ. ಆದರೆ ಆ ರೊಟ್ಟಿ ಬಡಿದವರಲ್ಲಿ ಅವ್ವ ಒಬ್ಬಳೇ ಇರಲಿಲ್ಲ. ಪಕ್ಕದಲ್ಲಿ ಶಾಲೆ ಬಿಡಿಸಿದ ತಂಗಿಯೂ ಇದ್ದಳು. ಅವಳು ಬಡಿದ ರೊಟ್ಟಿ ದಿನಾಲೂ ಕಾಲೇಜಿನ ಊರಿಗೆ ಹೋಯಿತು, ಅವಳು ಹೋಗಲಿಲ್ಲ. ಇಷ್ಟು ವರ್ಷಗಳ ಓದಿನಲ್ಲಿ ಆ ತಂಗಿಯ ಹೆಸರು ಬರೆದ ಒಬ್ಬ ಲೇಖಕನನ್ನೂ ನಾನು ಕಂಡಿಲ್ಲ.

ನಾನು ಪಾಠ ಹೇಳುವ ಊರು ತಿಕೋಟಾದ ಕಡೆಯದು. ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಮಕ್ಕಳಿಗೆ ಪ್ರಬಂಧವೊಂದನ್ನು ಕೊಟ್ಟಿದ್ದೆ: ನಿಮ್ಮ ಮನೆಯಲ್ಲಿ ಮೊದಲು ಕಾಲೇಜು ಕಂಡವರು ಯಾರು, ಕೇಳಿ ಬರೆಯಿರಿ. ಒಬ್ಬ ಹುಡುಗಿ ಅಜ್ಜನ ಮೂಲಕ ಕೇಳಿ ಬರೆದಿದ್ದಳು, ತನ್ನ ತಾಯಿ ವಿಜಯಪುರದಲ್ಲಿ ಪಿಯುಸಿ ಮೊದಲ ವರ್ಷ ಓದಿದ್ದರೆಂದು. ಹದಿನೈದು ವರ್ಷ ಅವಳಿಗೆ ಅದು ಗೊತ್ತೇ ಇರಲಿಲ್ಲ. ಪಾಲಕರ ಸಭೆಗೆ ಬಂದ ಆ ತಾಯಿಯನ್ನು ಕೇಳಿದೆ.

"ಅದೇನ್ ಹೇಳೂದ್ರಿ ಅಕ್ಕೋರ, ಒಂದ ವರ್ಷದ್ದು. ಮುಗಿಸಿದ್ರ ಹೇಳಬಹುದಿತ್ತು" ಎಂದಳು.

"ಒಂದ ವರ್ಷ ಆದ್ರೂ ಕಾಲೇಜ ಕಾಲೇಜನ ಅಲ್ಲೇನ ತಂಗಿ?" ಎಂದೆ.

ಆಮೇಲೆ ಮಾತು ಬಂತು. ಬಸ್ಸು, ಇಂಗ್ಲಿಷ್ ಪಾಠ, ಮಳೆಯಲ್ಲಿ ನೆನೆದ ಜರ್ನಲ್ಲು, ಮದುವೆ ನಿಶ್ಚಯವಾದ ವಾರ. ಗ್ರಂಥಾಲಯದ ಕಾರ್ಡು ತಿರುಗಿ ಕೊಡುವುದಾಗಲಿಲ್ಲವಂತೆ, ಟ್ರಂಕಿನ ತಳದಲ್ಲಿ ಈಗಲೂ ಇದೆಯಂತೆ. ಮಗಳು ಪಕ್ಕದಲ್ಲಿ ನಿಂತು ಬಾಯಿ ತೆರೆದು ಕೇಳುತ್ತಿದ್ದಳು. ಆ ಹುಡುಗಿಗೆ ವಿಜ್ಞಾನ ಓದುವ ಆಸೆ, ಮನೆಯಲ್ಲಿ 'ಎಸ್ಸೆಸ್ಸೆಲ್ಸಿ ಆತು, ಸಾಕು' ಎಂಬ ಮಾತು. ಆ ವರ್ಷ ತಾಯಿ ಪಟ್ಟು ಹಿಡಿದು ಅವಳನ್ನು ಕಾಲೇಜಿಗೆ ಕಳಿಸಿದಳೆಂದು ಕೇಳಿದೆ. ತಾನು ಕಂಡದ್ದನ್ನು ಬಾಯಿಬಿಟ್ಟು ಹೇಳಿದ್ದರಿಂದಲೇ ಪಟ್ಟು ಬಂತೇ, ಮೊದಲೇ ಇತ್ತೇ, ನಾನು ತೀರ್ಪು ಕೊಡಲಾರೆ. ಆದರೆ ತಾಯಿ ಕಾಲೇಜು ಕಂಡವಳೆಂದು ತಿಳಿದ ಮಗಳು ಬೇರೆ, ತಿಳಿಯದ ಮಗಳು ಬೇರೆ. ಬರೆಯದ ನೆನಪಿನ ನಷ್ಟ ಬೀಳುವುದು ಮುಂದಿನವರ ಮೇಲೆ.

ಗಿರೀಶ ಕಾರ್ನಾಡರ 'ಆಡಾಡತ ಆಯುಷ್ಯ' (2011) ಓದಿದಾಗ ಧಾರವಾಡದ ಕರ್ನಾಟಕ ಕಾಲೇಜಿನ ಪುಟಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ತಾಯಿಯ ಭಾಗ. ಚಿಕ್ಕ ವಯಸ್ಸಿನಲ್ಲೇ ವಿಧವೆಯಾಗಿ, ನರ್ಸಿಂಗ್ ಕಲಿತು, ತನ್ನ ಕಾಲ ಮೇಲೆ ನಿಂತ ಹೆಣ್ಣುಮಗಳು. ಇಳಿವಯಸ್ಸಿನಲ್ಲಿ ಆಕೆ ಕೆಲವು ಪುಟ ಬರೆದಿಟ್ಟಿದ್ದರಿಂದ ಮಗನ ಪುಸ್ತಕದಲ್ಲಿ ಆಕೆಗೆ ಆಕೆಯದೇ ದನಿ ಸಿಕ್ಕಿತು. ಬರೆದಿಡದಿದ್ದರೆ ಆಕೆಯೂ 'ತ್ಯಾಗಮಯಿ ತಾಯಿ' ಎಂಬ ಎರಡು ಪದದಲ್ಲಿ ಮುಗಿಯುತ್ತಿದ್ದಳು.

ಬರೆದಿಡುವ, ಹುಡುಕಿ ತೆಗೆಯುವ ಮಾತಿಗೆ ನಮ್ಮ ಊರಿನಲ್ಲಿ ದೂರ ಹೋಗಬೇಕಾಗಿಲ್ಲ. ಹಳಕಟ್ಟಿಯವರು ಮುಂಬಯಿಯಲ್ಲಿ ಓದಿ, ವಿಜಯಪುರದಲ್ಲಿ ವಕೀಲಿ ಹಿಡಿದವರು. ಮನೆಮನೆಯ, ಮಠಮಠದ ತಾಡೋಲೆಗಳನ್ನು ಕೂಡಿಸಿ 1923ರಲ್ಲಿ 'ವಚನಶಾಸ್ತ್ರಸಾರ' ತಂದರು. ಆ ಕೆಲಸಕ್ಕಾಗಿ ಹಿತಚಿಂತಕ ಮುದ್ರಣಾಲಯವನ್ನೇ ತೆರೆದರು. ಅವರೂ ಅವರಂಥವರೂ ತಾಡೋಲೆ ಹುಡುಕಿದ್ದರಿಂದ ಅಕ್ಕಮಹಾದೇವಿಯ ಮಾತು ಮಾತ್ರವಲ್ಲ, ಅಕ್ಕಿ ಆಯುವ ಲಕ್ಕಮ್ಮನ ಮಾತು, ಅಂಗಳ ಗುಡಿಸುವ ಸತ್ಯಕ್ಕನ ಮಾತು ನಮಗೆ ಉಳಿದವು. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ಇಂದು ನಮ್ಮ ಮುಂದಿವೆ. ಎಂಟುನೂರು ವರ್ಷ ಹಿಂದಿನ ಹೆಂಗಸರ ಮಾತನ್ನು ಅಟ್ಟದ ಮೇಲಿನಿಂದ ಇಳಿಸಿದ ಊರು ಇದು. ಎಂಬತ್ತು ವರ್ಷದ ಈಚೆಗೆ ಇದೇ ಊರಿನ ಕಾಲೇಜುಗಳಿಗೆ ಬಂದು ಹೋದ ಹೆಣ್ಣುಮಕ್ಕಳ ಮಾತನ್ನು ಕೂಡಿಸುವುದು ಅದಕ್ಕಿಂತ ಕಷ್ಟದ ಕೆಲಸವೇ?

ಈಗ ಕಾಲ ಬದಲಾಗಿದೆ ಎನ್ನುವವರಿದ್ದಾರೆ. ಬದಲಾಗಿದೆ, ನಾನೂ ಒಪ್ಪುತ್ತೇನೆ. 2003ರಲ್ಲಿ ವಿಜಯಪುರಕ್ಕೆ ಮಹಿಳಾ ವಿಶ್ವವಿದ್ಯಾಲಯ ಬಂತು, ಈಗ ಅದಕ್ಕೆ ಅಕ್ಕಮಹಾದೇವಿಯ ಹೆಸರು. ತಿಕೋಟಾ, ಬಬಲೇಶ್ವರ ಎರಡೂ ತಾಲೂಕು ಕೇಂದ್ರಗಳಾಗಿವೆ. ಒಣ ಭೂಮಿ ಎನ್ನಿಸಿಕೊಂಡ ಕಡೆ ನೀರಾವರಿ ಬಂದು ದ್ರಾಕ್ಷಿ ನಿಂತಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಹಣವಿಲ್ಲ. ಪಾಸಿನ ಹಣಕ್ಕಾಗಿ ತತ್ತಿ ಮಾರಿದ ತಾಯಂದಿರನ್ನು ಕಂಡ ನನಗೆ ಇದು ಸಣ್ಣ ಮಾತಲ್ಲ. ಆದರೆ ಟಿಕೆಟ್ಟು ಹೋದರೂ ಗಡಿಯಾರ ಹೋಗಿಲ್ಲ. ಸಂಜೆಯ ಕಾರ್ಯಕ್ರಮಕ್ಕೆ ನಿಂತ ಹುಡುಗಿಯ ಮನೆಯಲ್ಲಿ ಇಂದಿಗೂ ಫೋನು ಬಡಿದುಕೊಳ್ಳುತ್ತದೆ.

ಆದ್ದರಿಂದ ಮುಂದಿನ ಸಂಚಿಕೆಗಳ ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಶುಭ ಸಂದೇಶದ ಪುಟ ನಾಲ್ಕು ಕಡಿಮೆ ಮಾಡಿ. ಹಳೆಯ ಪ್ರವೇಶ ದಾಖಲೆಗಳನ್ನು ತೆರೆದು, ಯಾವ ವರ್ಷ ಎಷ್ಟು ಹೆಣ್ಣುಮಕ್ಕಳು ಸೇರಿದರು, ಎಷ್ಟು ಜನ ಪರೀಕ್ಷೆಗೆ ಕೂತರು ಎಂದು ಒಂದೇ ಪುಟದಲ್ಲಿ ಅಚ್ಚು ಹಾಕಿಸಿ. ಯಾವ ಭಾಷಣವೂ ಹೇಳದ ಮಾತನ್ನು ಆ ಎರಡು ಅಂಕಿ ಹೇಳುತ್ತವೆ. ಪದವಿ ಮುಗಿಸದವರಿಗೂ ಪತ್ರ ಬರೆಯಿರಿ. ಬರೆಯಲು ಬಾರದಿದ್ದರೆ ಈಗಿನ ವಿದ್ಯಾರ್ಥಿನಿಯರನ್ನು ಕಳಿಸಿ, ಕೇಳಿ ಬರೆದುಕೊಂಡು ಬರಲಿ. ವಿಜಯ ಕಾಲೇಜಿಗೆ 2045ಕ್ಕೆ ನೂರು ತುಂಬುತ್ತದೆ. ಮೊದಲ ದಶಕಗಳಲ್ಲಿ ಇಲ್ಲಿ ಓದಿದ ಹೆಣ್ಣುಮಕ್ಕಳಿಗೆ ಈಗಲೇ ಎಂಬತ್ತು ದಾಟಿದೆ. ಶತಮಾನೋತ್ಸವದ ಹೊತ್ತಿಗೆ ಕೇಳುತ್ತೇವೆಂದರೆ ಕೇಳಿಸಿಕೊಳ್ಳುವವರು ಇರುವುದಿಲ್ಲ.

ಓದುವ ಗೆಳತಿಯರಿಗೂ ಒಂದು ಮಾತು. ನೀವು ಕಾಲೇಜಿನ ಮೆಟ್ಟಿಲನ್ನು ಮೂರು ವರ್ಷ ಹತ್ತಿರಬಹುದು, ಮೂರು ತಿಂಗಳು ಹತ್ತಿರಬಹುದು. ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಹತ್ತು ಹಾಳೆ ಖಾಲಿ ಇರುತ್ತವೆ. ಅದರಲ್ಲಿ ಬರೆಯಿರಿ. ಬರೆಯುವಾಗ ಓದಿಸಿದವರಿಗೆ ನಮಸ್ಕಾರ ಹೇಳಿ, ಆದರೆ ಮೊದಲ ವಾಕ್ಯ ಮಾತ್ರ 'ನಾನು ಓದಿದೆ' ಎಂದಿರಲಿ.